ಪಾಟೀಲರ ಹನ್ನೆರಡು ಬ್ಯಾಟರಿ

ಹೆಣದ ಮುಂದೆ ಟ್ರಂಕು ಎಳೆದುಕೊಂಡು ಕೂತ ಹವಾಲ್ದಾರ ಜಗದಾಳೆ ಅರಗಿನ ಸೀಲು ಒಡೆದು ಬೀಗಕ್ಕೆ ಮೂರನೆಯ ಕೀಲಿ ಹಾಕಿ ತಿರುವಿದ. ಅದೂ ತಿರುಗಲಿಲ್ಲ.

"ಖರೇ ಕೀಲಿ ಎಲ್ಲೈತ್ರಿ ಬಾಯಾರ? ಸರಕಾರಿ ಸಾಮಾನಿನ ಚಾರ್ಜ್ ತಗೊಳ್ಳದ ನಾ ಹೋಗಾಂಗಿಲ್ಲ. ಸಾಹೇಬರ ಆರ್ಡರ್ ಐತಿ."

ಗುರಮ್ಮ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಅಂಗಿ ಮೇಲೆತ್ತಿದಳು. ಕೀಲಿ ಉಡದಾರದಲ್ಲಿತ್ತು. ಗಂಟು ಬಿಚ್ಚಲು ನೋಡಿದಳು, ಬಿಚ್ಚಲಿಲ್ಲ. ಕುಡುಗೋಲು ತಂದು ದಾರವನ್ನೇ ಕೊಯ್ದು, ಕೀಲಿಯನ್ನು ಹವಾಲ್ದಾರನ ಮುಂದೆ ನೆಲಕ್ಕೆ ಒಗೆದಳು.

ವಾಗದರಿಯ ಕಾವಲಿನ ಹೊಣೆ ಹೊತ್ತ ಪೊಲೀಸ್ ಪಾಟೀಲ ಚನ್ನವೀರಪ್ಪ ತೀರಿಕೊಂಡದ್ದು ನಿನ್ನೆ ಸಂಜೆ. ಈಗ ಮಧ್ಯಾಹ್ನ ಕಳೆದಿತ್ತು, ಮಾರ್ಚ್ ತಿಂಗಳ ಬಿಸಿಲು ಬೇರೆ. ಹೆಣ ಕೂರಿಸಿ ಹೊರುವ ಬಿದಿರಿನ ವಿಮಾನ ಕಟ್ಟಿ ಎರಡು ತಾಸಾಗಿತ್ತು. ಹೊರಲು ನಾಲ್ವರು ಬೇಕು, ಇದ್ದವರು ಇಬ್ಬರು: ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಳಿಯ ಕಲ್ಯಾಣಪ್ಪ ಮತ್ತು ಅವನ ಗುಮಾಸ್ತ. ಊರಿನವರು ಬಂದಿರಲಿಲ್ಲ ಎಂದಲ್ಲ. ಎದುರಿನ ಬೇವಿನ ಗಿಡದ ನೆರಳಿನಲ್ಲಿ ಮೂವತ್ತು ಜನ ಗಂಡಸರು ಕೂತು ತಂಬಾಕು ತಿಕ್ಕುತ್ತಿದ್ದರು. ಹೆಗಲು ಕೊಡಲು ಮಾತ್ರ ಒಬ್ಬನೂ ಏಳುತ್ತಿರಲಿಲ್ಲ.

ಕಲ್ಯಾಣಪ್ಪ ಅವರ ಮುಂದೆ ಹೋಗಿ ಕೈ ಮುಗಿದ. "ಹೊತ್ತು ಇಳಿಯಾಕತ್ತೈತ್ರಿ. ಹೊತ್ತು ಮುಣಗೂದ್ರಾಗ ಮಣ್ಣಾಗಬೇಕು. ಇಬ್ಬರರೆ ಬರ್ರಿ."

"ನಾವು ನೋಡಾಕ ಬಂದೀವ್ರಿ ಅಳಿಯಾಂದ್ರ," ಎಂದ ಗುಂಪಿನ ಮುಂದೆ ಕೂತಿದ್ದ ಕಲ್ಲಣ್ಣ. "ಹೊರಾಕ ಬಂದಿಲ್ಲ."

"ಸತ್ತವರ ಮ್ಯಾಲ ಏನ್ರಿ ಸಿಟ್ಟು?"

"ಇದ್ದಾಗ ಮಾಡಿದ್ವಿ. ಸತ್ತಕೂಡ್ಲೆ ಬಿಟ್ರ ಅದು ಸಿಟ್ಟು ಹೆಂಗಾಗ್ತದ?"

ಯಾರೋ ಗಿಡದ ಬೊಡ್ಡೆಗೆ ಉಗುಳಿದರು.

*

ನಾಲ್ಕು ವರ್ಷದ ಹಿಂದೆ, ಎಪ್ಪತ್ತಮೂರರಲ್ಲಿ, ಗ್ರಾಮ ರಕ್ಷಕ ದಳಗಳಿಗೆಂದು ಸರಕಾರದ ಅನುದಾನ ಬಂದಿತ್ತು. ಊರೂರಿಗೆ ಹನ್ನೆರಡು ಬ್ಯಾಟರಿ, ಹನ್ನೆರಡು ಸೀಟಿ, ಹನ್ನೆರಡು ಲಾಠಿ. ರಾತ್ರಿ ಗಸ್ತು ತಿರುಗುವವರು ಇನ್ನು ಕತ್ತಲಲ್ಲಿ ಎಡವಬೇಕಿಲ್ಲ ಎಂದು ಎಲ್ಲರಿಗೂ ಖುಷಿಯಾಗಿತ್ತು.

ಸಾಮಾನು ಹಂಚಿದ್ದು ಸೊಲ್ಲಾಪುರದಲ್ಲಿ, ಪೆಂಡಾಲು ಹಾಕಿ. ಪೊಲೀಸ್ ಪಾಟೀಲರನ್ನೆಲ್ಲ ಸಾಲಾಗಿ ನಿಲ್ಲಿಸಿ ದೊಡ್ಡ ಸಾಹೇಬರೊಬ್ಬರು ಭಾಷಣ ಮಾಡಿದರು. "ಹೇ ಸರಕಾರಿ ಸಾಮಾನ ಆಹೆ. ಜಿವಾಪೇಕ್ಷಾ ಜಪಾ." ಜೀವಕ್ಕಿಂತ ಹೆಚ್ಚಾಗಿ ಜೋಪಾನ ಮಾಡಿ. ಸಾಹೇಬರು ಇಂಥ ಮಾತು ದಿನಕ್ಕೆ ಹತ್ತು ಕಡೆ ಆಡಿ, ಚಹಾ ಕುಡಿದು ಮರೆಯುತ್ತಾರೆ. ಮರೆಯದವನು ಚನ್ನವೀರಪ್ಪ ಒಬ್ಬನೇ. ವಾಪಸು ಬರುವಾಗ ಹೋಟಗಿಯಲ್ಲಿ ರೈಲಿನ ಡಬ್ಬಿ ಕಿಕ್ಕಿರಿದು ತುಂಬಿತು. ಬಸುರಿಯೊಬ್ಬಳು ನಿಂತೇ ಇದ್ದಳು. ಇವನು ಮಾತ್ರ ಸಾಮಾನಿನ ಟ್ರಂಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದ.

ನೆರೆಯೂರಿನ ಪಾಟೀಲ ತನ್ನ ದಳದವರಿಗೆ ಬ್ಯಾಟರಿ ಹಂಚಿದ. ಎರಡು ಹಳ್ಳದ ಪಾಲಾದವು. ಅದರ ಜವಾಬು ಕೊಡಲು ಅವನು ಅಕ್ಕಲಕೋಟೆಯ ಠಾಣೆಗೆ ಮೂರು ಸಲ ಹೋಗಿ ದಿನವಿಡೀ ನಿಂತು ಬಂದ. ಇದನ್ನು ಕೇಳಿದ ಚನ್ನವೀರಪ್ಪ ಟ್ರಂಕಿನ ಬೀಗದ ಮೇಲೆ ಅರಗಿನ ಸೀಲೂ ಹಾಕಿದ. ವರ್ಷಕ್ಕೊಮ್ಮೆ, ತಪಾಸಣೆಯ ಹಿಂದಿನ ದಿನ, ಅದನ್ನು ಒಡೆದು ಬ್ಯಾಟರಿಗಳಿಗೆ ಕೊಬ್ಬರಿ ಎಣ್ಣೆ ಸವರಿ ಸಾಲಾಗಿ ಇಡುತ್ತಿದ್ದ. ಬಂದ ಸಾಹೇಬರು ಎಣಿಸಿ ನೋಡಿ 'ಸಾಮಾನು ಹೊಸದರಂತಿದೆ, ಮೆಚ್ಚುಗೆ' ಎಂದು ಷರಾ ಬರೆಯುತ್ತಿದ್ದರು. ಆ ಷರಾದ ಬಲದ ಮೇಲೆ ಮರುವರ್ಷ ಊರಿಗೆ ಹನ್ನೆರಡು ರೇನ್‌ಕೋಟೂ ಮಂಜೂರಾದವು. ಅವೂ ಟ್ರಂಕು ಸೇರಿದವು. ದಳದವರು ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡೇ ತಿರುಗಿದರು.

ಎಪ್ಪತ್ತೈದರ ಆಷಾಢದಲ್ಲಿ ಒಂದು ಸಂಜೆ ಕಲ್ಲಣ್ಣನ ತಮ್ಮ ಹಣಮಂತಪ್ಪ ಪಾಟೀಲರ ಬಾಗಿಲಿಗೆ ಬಂದ. ಅಂದಿನ ಗಸ್ತು ಅವನದು.

"ಕಾಕಾ, ಒಂದ ಬ್ಯಾಟರಿ ಕೊಡ್ರಿ. ತ್ವಾಟದ ಕಡಿ ಪಂಪ್ ಕದಿಯಾವ್ರು ಅಡ್ಡಾಡಾಕತ್ತಾರ. ಮಾಡ ಕವದು ಕೈಗೆ ಕೈ ಕಾಣವಲ್ದು."

"ಸೋಮವಾರ ತಪಾಸಣಿ ಐತಿ. ಅದು ಮುಗೀಲಿ."

"ಮುಂಜಾನೆ ತಂದು ಕೈಯಾಗ ಇಡ್ತೀನ್ರಿ."

"ಒಂದು ಗೀರು ಬಿದ್ರ ಯಾಂವ ಜವಾಬು ಕೊಡಾಂವ? ನೀ ಕೊಡ್ತಿಯೇನು?"

ದೀಪ ಹಿಡಿದು ಗುರಮ್ಮ ಬಾಗಿಲಲ್ಲೇ ನಿಂತಿದ್ದಳು. ಹಣಮಂತಪ್ಪ ಅವಳತ್ತ ನೋಡಿ ನಕ್ಕು, ಲಾಠಿ ಕೂಡ ಸಿಗದೆ ಒಂದು ಜಾಲಿಯ ಬಡಿಗೆ ಹಿಡಿದು ಹೊರಟ. ಬೆಳಗಾದಾಗ ಮಸಣದ ಹಾದಿಯಲ್ಲಿರುವ, ಕಟ್ಟೆಯಿಲ್ಲದ ಹಾಳುಬಾವಿಯಲ್ಲಿ ಹೆಣವಾಗಿ ಸಿಕ್ಕ. ಕಾಲು ಮುರಿದಿತ್ತು. ಕಲ್ಲು ಹಿಡಿದು ಹಿಡಿದು ಉಗುರು ಕಿತ್ತು ಹೋಗಿದ್ದವು.

ಸೋಮವಾರ ತಪಾಸಣೆಯಾಯಿತು. ಹನ್ನೆರಡೂ ಬ್ಯಾಟರಿ ಬರೋಬರಿ ಇದ್ದವು.

*

ಟ್ರಂಕು ತೆರೆದುಕೊಂಡಿತು. ನುಸಿಗುಳಿಗೆಯ ವಾಸನೆ ಹೊರಗಿನವರೆಗೂ ಬಂತು. ಬೇವಿನ ಗಿಡದ ಕೆಳಗಿನವರು ಒಬ್ಬೊಬ್ಬರೇ ಎದ್ದು ಬಾಗಿಲಿಗೆ ಬಂದು ಇಣುಕಿದರು. ಹೊರಲು ಏಳದವರಿಗೆ ನೋಡಲು ಏಳುವುದು ಬಂತು.

ಹವಾಲ್ದಾರ ಒಂದು ಬ್ಯಾಟರಿಯ ಕಾಗದ ಸುಲಿದು ಗುಂಡಿ ಒತ್ತಿದ. ಹತ್ತಲಿಲ್ಲ. ಹಿಂದಿನ ಬಿರಡೆ ತಿರುವಿ ಬಡಿದಾಗ ಸೆಲ್ಲು ಬೀಳಲಿಲ್ಲ, ಬಿಳಿ ಹಿಟ್ಟಿನಂಥದ್ದು ಉದುರಿತು. ಎರಡನೆಯದು ನೋಡಿದ, ಮೂರನೆಯದು ನೋಡಿದ. ಹನ್ನೆರಡೂ ಹಾಗೇ.

"ಸೆಲ್ಲು ಒಳಗ ಕೊಳತಾವ," ಎಂದ. "ತಗದಿಡಬೇಕಿತ್ತು." ಹಾಳೆಯ ಮೇಲೆ ಮರಾಠಿಯಲ್ಲಿ 'ನಾದುರುಸ್ತ', ಕೆಟ್ಟಿವೆ, ಎಂದು ಬರೆದುಕೊಂಡ.

ಕಲ್ಲಣ್ಣ ಹೊಸ್ತಿಲು ದಾಟಿ ಒಳಗೆ ಬಂದ. ಹೆಣದ ಕಡೆ ನೋಡಲಿಲ್ಲ. "ಕಾಕಿ, ಒಂದು ಕೇಳ್ತೀನಿ. ಹಣಮಂತ ಹ್ವಾದ ಮ್ಯಾಲಾದ್ರೂ ಈ ಬ್ಯಾಟರಿ ಹೊರಗ ತಗೀಬಹುದಿತ್ತು. ಯಾಕ ತಗೀಲಿಲ್ಲ?"

"ನಾನೂ ಕೇಳಿದ್ದೆ," ಎಂದಳು ಗುರಮ್ಮ. "ಈಗ ಕೊಟ್ರ, ಆವಾಗ ಕೊಡಬೇಕಿತ್ತು ಅಂತಾಗ್ತದ ಅಂದ."

ಅವಳು ಗಂಡನಿಗೆ 'ಅಂದ' ಎಂದದ್ದನ್ನು ಊರು ಹಿಂದೆಂದೂ ಕೇಳಿರಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಮಲ್ಲಯ್ಯಸ್ವಾಮಿ ವಿಭೂತಿ ತಟ್ಟೆ ಕೆಳಗಿಟ್ಟ.

"ಅವತ್ತ ಕೀಲಿ ಎಲ್ಲಿರ್ತದ ನನಗ ಗೊತ್ತಿತ್ತು," ಎಂದು ಗುರಮ್ಮ ಮುಂದುವರಿಸಿದಳು. "ನಾ ಬಾಯಿ ಬಿಡಲಿಲ್ಲ. ಇಂವ ಹಂಗ ಅಂದ ದಿನದಿಂದ ಎರಡು ವರ್ಷ ಇವಂಗ ರೊಟ್ಟಿ ಹಾಕೀನಿ, ಮಾತಾಡಿಲ್ಲ. ನಿನಗೊಬ್ಬನಿಗೇ ಸಿಟ್ಟೈತಿ ಅಂತ ತಿಳಕೋಬ್ಯಾಡ ಕಲ್ಲಣ್ಣ. ಆದ್ರ ಈ ಹೆಣ ಮನ್ಯಾಗಿಟಗೊಂಡು ಇನ್ನೆಷ್ಟೊತ್ತು ಕುಂಡ್ರಲಿ?"

ಕಲ್ಲಣ್ಣ ಈಗ ಹೆಣದ ಕಡೆ ತಿರುಗಿದ.

"ಹೆಗಲು ಕೊಡ್ತೀನಿ. ಮುಂದಿನ ಎಡಗಡಿ ನನ್ನದು. ವಿಸಾವಾ ಎಲ್ಲಿ ಅನ್ನೂದೂ ನನ್ನದು."

ಮಸಣದ ಅರ್ಧ ಹಾದಿಯಲ್ಲಿ ವಿಮಾನ ಇಳಿಸಿ ಹೆಗಲು ಬದಲಿಸುವುದಕ್ಕೆ ಅಲ್ಲಿ ವಿಸಾವಾ ಎನ್ನುತ್ತಾರೆ. ಮಲ್ಲಯ್ಯ ತಲೆಯಾಡಿಸಿದ. "ಅದು ಹುಣಸಿ ಗಿಡದ ತಳಗಪಾ. ಮುತ್ಯಾರ ಕಾಲದಿಂದ ಅಲ್ಲೇ."

"ಹಂಗಾರ ಮುತ್ಯಾರನ್ನ ಕರೀರಿ, ಹೊರಾಕ."

"ನೀ ಎಲ್ಲಿ ಬೇಕಾದಲ್ಲಿ ಇಳಸು," ಎಂದಳು ಗುರಮ್ಮ.

ಕಲ್ಲಣ್ಣನ ಹಿಂದೆ ಇನ್ನೊಬ್ಬ ಮುಂದೆ ಬಂದ. ನಾಲ್ವರಾದರು. ಭಜನೆಗೆ ಮಲ್ಲಯ್ಯನೊಬ್ಬನೇ ದನಿ ಎತ್ತಿದ, ಓಣಿ ದಾಟುವಷ್ಟರಲ್ಲಿ ಅವನೂ ನಿಲ್ಲಿಸಿದ. ಹವಾಲ್ದಾರ ಸೈಕಲ್ಲಿನ ಹಿಂದೆ ಟ್ರಂಕು ಕಟ್ಟಿಕೊಂಡು ಅಕ್ಕಲಕೋಟೆಯ ದಾರಿ ಹಿಡಿದ.

ಹುಣಸೆ ಗಿಡ ಬಂತು. ಕಲ್ಲಣ್ಣ ನಿಲ್ಲಲಿಲ್ಲ. ಹಾಳುಬಾವಿಯ ಹತ್ತಿರ ಬಂದಾಗ ಮೊಣಕಾಲು ಬಾಗಿಸಿ "ಇಳಸ್ರಿ" ಎಂದ. ಇಳಿಸಿದರು. ಅವನು ಬಿದಿರು ಹಿಡಿದು ವಿಮಾನವನ್ನು ಸುತ್ತ ತಿರುಗಿಸಿ, ಬಾವಿಯ ಬಾಯಿಗೆ ಎರಡು ಮೊಳ ಬಿಟ್ಟು, ಹೆಣವನ್ನು ನೀರಿಗೆ ಎದುರಾಗಿ ಕೂರಿಸಿದ. ಆಮೇಲೆ ಹಾದಿಯ ಮೇಲೆ ತಾನೂ ಕೂತ.

"ಇದೇನು ಕಲ್ಲಣ್ಣ?" ಎಂದ ಮಲ್ಲಯ್ಯ. "ಹೊತ್ತು ಮುಣಗ್ತದ."

"ಮುಣಗಲಿ. ಹಣಮಂತ ಬೆಳಗಾಗೂತನಕ ಇಲ್ಲೇ ಇದ್ದ."

ಕಲ್ಯಾಣಪ್ಪನ ಮುಖ ಕೆಂಪಾಯಿತು. "ಎತ್ರಿ ಅಂದ್ರ ಎತ್ರಿ. ಹೆಣದ ಮರ್ಯಾದಿಯರೆ ಇಡ್ರಿ," ಎಂದು ಬಿದಿರಿಗೆ ಕೈ ಹಾಕಿದ. ಗುಮಾಸ್ತ ಅವನ ಜೊತೆ ಬಾಗಿದ. ಉಳಿದ ಎರಡು ತುದಿ ಯಾರೂ ಮುಟ್ಟಲಿಲ್ಲ.

ಹಿಂದಿನಿಂದ ಹೆಂಗಸರ ಗುಂಪು ಬಂದು ಮುಟ್ಟಿತು. ಗುರಮ್ಮ ಗುಂಪಿನಿಂದ ಹೊರಬಿದ್ದು ವಿಮಾನದ ಕಡೆ ನಡೆದಳು. ಇನ್ನು ಕಲ್ಲಣ್ಣನ ಕಾಲು ಹಿಡಿಯುತ್ತಾಳೆ ಎಂದುಕೊಂಡು ಮಂದಿ ದಾರಿ ಬಿಟ್ಟರು. ಅವಳು ಅವನನ್ನು ದಾಟಿ ಹೋದಳು. ಹಾದಿಯ ಕುಲುಕಾಟಕ್ಕೆ ಪಾಟೀಲನ ತಲೆಯ ಪಟಗಾ ಜಾರಿ, ಬಾವಿಗೆ ಎದುರಾಗಿದ್ದ ಕಣ್ಣುಗಳನ್ನು ಮುಚ್ಚಿತ್ತು. ಗುರಮ್ಮ ಅದನ್ನು ಎರಡೂ ಕೈಯಿಂದ ಹುಬ್ಬಿನ ಮೇಲಕ್ಕೆ ಸರಿಸಿ, ಮತ್ತೆ ಜಾರದ ಹಾಗೆ ಹಿಂದೆ ಬಿಗಿದು ಕಟ್ಟಿದಳು.