ರಂಜಾನ್ ತಿಂಗಳ ಪಾಕ

ಕೆ.ಆರ್.ಪೇಟೆ ಕಡೆಯ ಆ ಸಕ್ಕರೆ ಕಾರ್ಖಾನೆಗೆ ಮಾಲೀಕರು ಯಾರೇ ಇರಲಿ, ಪಾಕ ಹರಳುಗಟ್ಟುವ ದೊಡ್ಡ ಪ್ಯಾನಿಗೆ ಮಾತ್ರ ರಹಮತುಲ್ಲಾ ಸಾಬರೇ ಒಡೆಯರು. ಅವರು ಪಾಕದ ತೊಟ್ಟನ್ನು ಬೆರಳಲ್ಲಿ ಉಜ್ಜಿ, ಹಲ್ಲಲ್ಲಿ ಕಡಿದು, 'ಆಯ್ತು' ಅನ್ನುವವರೆಗೆ ಒಂದು ಹಿಡಿ ಸಕ್ಕರೆಯೂ ಕೆಳಗಿಳಿಯದು. ಆದರೆ ರಂಜಾನಿನಲ್ಲಿ ಉಪವಾಸ. ಹಗಲು ಪಾಳಿಯಲ್ಲಿ ನಾಲಿಗೆಗೆ ಏನನ್ನೂ ತಾಗಿಸುವಂತಿಲ್ಲ. ಹಾಗಾಗಿ ಈ ವರ್ಷ ಹಲ್ಲಿಗಿಟ್ಟು ನೋಡುವ ಕೆಲಸ ಹೇಮಶ್ರೀಯ ಪಾಲಿಗೆ ಬಂತು.

ಹೇಮಶ್ರೀ ಸಂತೆಬಾಚಹಳ್ಳಿಯವಳು. ಕೆಲಸ ಕಲಿಯಲು ಬಂದು ಮೂರು ತಿಂಗಳಾಗಿತ್ತು. ಪ್ಯಾನಿನ ಬಳಿಯೇ ಉಳಿಯಬೇಕೆಂಬುದು ಅವಳ ಹಟ. ಹೆಣ್ಣುಮಕ್ಕಳಿಗೆ ಲ್ಯಾಬೇ ಸರಿ ಎಂಬುದು ಪಾಳಿಯ ಮೇಲ್ವಿಚಾರಕ ಚಲುವರಾಜುವಿನ ವೇದವಾಕ್ಯ. ತಿಂಗಳ ಕೊನೆಗೆ ತೀರ್ಮಾನವಾಗಬೇಕಿತ್ತು.

ಆ ಮಧ್ಯಾಹ್ನ ಪ್ಯಾನಿನಲ್ಲಿದ್ದದ್ದು ಔಷಧಿ ಕಂಪನಿಗೆ ಹೋಗುವ ಸಕ್ಕರೆ. ಸಾಬರು ತೊಟ್ಟು ಉಜ್ಜಿ, "ಏಕ್‌ದಮ್ ಸರಿಯಾಗದೆ. ಇಳ್ಸಾನ" ಎಂದರು. ಹೇಮಶ್ರೀ ಹಲ್ಲಿಗಿಟ್ಟಳು. ದಪ್ಪ ಹರಳುಗಳ ನಡುವೆ ಏನೋ ಸಣ್ಣಗೆ ಕರಕರ ಎಂದಿತು. ಗುರುವಿಗೇ ತಿರುಮಂತ್ರವೇ? ಆದರೂ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವ ಜಾಯಮಾನ ಅವಳದಲ್ಲ.

"ನುಚ್ಚು ಬಂದದೆ ಸಾಬ್ರೆ. ಇಂಗೇ ಇಳ್ಸಿದ್ರೆ ಕೆಳಗಿನ ಯಂತ್ರದ ಜರಡಿ ಕಟ್ಕೊಂಡು ಸಕ್ಕರೆ ಕೆಂಪಗಾಗ್ಬುಡ್ತದೆ. ಬಿಸಿನೀರು ಬುಟ್ಟು ನುಚ್ಚು ಕರಗಿಸ್ಬೇಕು."

ಚಲುವರಾಜು ಓಡಿಬಂದ. "ಅರ್ಧ ಗಂಟೆ ಹಾಳು ಕಣಮ್ಮಾ! ಕಬ್ಬಿನ ಟ್ರಾಕ್ಟರು ಗೇಟಿನಾಚೆಗಂಟ ನಿಂತವೆ. ಮೂವತ್ತು ವರ್ಸದ ಕೈಗಿಂತ ನಿನ್ ಹಲ್ಲು ಹೆಚ್ಚಾ?"

"ತಪ್ಪಾದ್ರೆ ನಾಳೆಯಿಂದ್ಲೇ ಲ್ಯಾಬಿಗೆ ಹೋಗ್ತೀನಿ ಸರ್."

ಸಾಬರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಬಿಸಿ ಪಾಕ ಉಜ್ಜಿ ಉಜ್ಜಿ ತುದಿಗಳು ಜಡ್ಡುಗಟ್ಟಿ, ಸಣ್ಣ ಹರಳು ತಿಳಿಯದಂತಾಗಿದ್ದವು. ಅದು ಅವರಿಗೆ ಗೊತ್ತಿರದ ಸಂಗತಿಯೇನಲ್ಲ, ಯಾರಿಗೂ ಹೇಳಿರಲಿಲ್ಲ ಅಷ್ಟೆ.

"ಬುಡವ್ವಾ ನೀರ" ಎಂದರು.

ಹೇಮಶ್ರೀ ತಾನೇ ವಾಲ್ವು ತಿರುಗಿಸಿದಳು. ಅವಳ ತಪ್ಪು ಹಿಡಿಯಲೆಂದೇ ನೀರು ಬಿಡುವ ಮುಂಚಿನ ಪಾಕವನ್ನು ಲ್ಯಾಬಿಗೆ ಕಳಿಸಿದ್ದ ಚಲುವರಾಜು, ವರದಿಯಲ್ಲಿ ನುಚ್ಚಿನ ಲೆಕ್ಕ ಓದಿ ಇಂಗು ತಿಂದ ಮಂಗನಂತಾದ. ಅಷ್ಟರಲ್ಲಿ ಕೆಳಗೆ ತಿರುಗುವ ಯಂತ್ರದಿಂದ ಸಕ್ಕರೆ ಬೆಳ್ಳಗೆ, ಒಂದೇ ಗಾತ್ರದಲ್ಲಿ ಸುರಿಯತೊಡಗಿತ್ತು. ಹೇಮಶ್ರೀಗೆ ಕುಣಿಯುವಷ್ಟು ಖುಷಿಯಾಯಿತು.

ಸಾಬರು ಕೈ ತೊಳೆದುಕೊಂಡು ಬಂದರು. "ಹಬ್ಬಕ್ಕೆ ಮೂರ್ ದಿನ ನಮ್ಮೂರು ಶ್ರೀರಂಗಪಟ್ಟಣಕ್ಕೆ ಹೋಗ್ಬರ್ತೀನಿ ಸರ್."

ಚಲುವರಾಜು ವರದಿ ಕೆಳಗಿಟ್ಟು ಅವರತ್ತ ತಿರುಗಿದ. ಕಬ್ಬು ಅರೆಯುವ ಕಾಲದಲ್ಲಿ ಈ ಮನುಷ್ಯ ಇದುವರೆಗೆ ಒಂದು ದಿನವೂ ರಜೆ ಕೇಳಿದ್ದಿಲ್ಲ.

"ಪ್ಯಾನು ಯಾರ್ ನೋಡ್ತಾರೆ ಸಾಬ್ರೆ?"

"ಹೇಮಶ್ರೀ ನೋಡ್ಕೋತಾಳೆ ಬುಡಿ."