ಬೀರುವಿನಿಂದ ಬಂದ ಟ್ಯಾಬು

"ಬೆರಳು ಆಡ್ಸಕ್ಕೆ ಹೇಳೇ ಅವಕ್ಕೆ! ಹೆಣ ಕಾಯೋರ ಹಂಗೆ ಕೂತವೆ, ದರಿದ್ರ ಮುಂಡೇವು!"

ಹೆಡ್‌ಮಾಸ್ತರು ಬಾಗಿಲಲ್ಲೇ ನಿಂತು ಕೂಗಿದರು. ಪಾಠ ಮಾಡುವುದನ್ನು ಕಲಿಯಲು ಬಂದಿದ್ದ ತರಬೇತಿ ಹುಡುಗಿ ಮಕ್ಕಳ ಕೈಗಳನ್ನು ಟ್ಯಾಬುಗಳ ಮೇಲಿಟ್ಟಳು. ಚಾರ್ಜಿಲ್ಲದೆ ಒಂದು ಟ್ಯಾಬಿಗೂ ಜೀವವಿರಲಿಲ್ಲ. ಮುಟ್ಟಿದರೆ ಹಾಳಾದಾವು ಎಂದು ಬಂದಾಗಿನಿಂದ ಬೀರುವಿನಲ್ಲೇ ಕೊಳೆಯುತ್ತಿದ್ದವು. ತಪಾಸಣೆಗೆ ಸಾಹೇಬರು ಬರುತ್ತಾರೆಂದು ಈಗಷ್ಟೇ ಬೆಳಕು ಕಂಡಿದ್ದವು.

"ಮಿಸ್, ಇದ್ರಲ್ಲಿ ನನ್ ಮೂತಿ ಮಾತ್ರ ಕಾಣ್ತದೆ," ಅಂದಿತು ಹಲ್ಲು ಬಿದ್ದ ಪುಟ್ಟಿ.

"ಸದ್ಯಕ್ಕೆ ಅದನ್ನೇ ಓದ್ಕೋ, ತಾಯಿ."

ಬೀರುವಿನ ಕೀಲಿ ಕೊಡಿ ಎಂದು ಅವಳು ಹೆಡ್‌ಮಾಸ್ತರನ್ನು ಗೋಗರೆಯದ ವಾರವಿಲ್ಲ. "ಆಸ್ಪತ್ರೆ ಬಟ್ಟೆ ಒಗೆಯೋಳ ಮಗಳಿಗೆ ಟ್ಯಾಬ್ ಬೇಕಂತೆ! ಹೋಗು, ನೆಲ ಒರೆಸು." ಒರೆಸಿದ್ದಳು. ಈ ಮನುಷ್ಯ ಪಾಸು ಮಾಡಿದರೆ ತಾನೇ ಕೆಲಸ ಸಿಕ್ಕೀತು, ಬಟ್ಟೆ ಒಗೆಯುವ ಸೋಡಾ ನೀರಲ್ಲಿ ಬೆಂದುಹೋದ ಅವ್ವನ ಕೈಗೆ ಬಿಡುವು ಸಿಕ್ಕೀತು. ಅತ್ತಿಗೆಯ ಒಡಕು ಫೋನಿನಲ್ಲೇ ಚಿತ್ರ ಕೂಡಿಸಿ ಪಾಠ ಕಟ್ಟುವುದನ್ನು ಕಲಿತಿದ್ದಳು. ಅದನ್ನು ತೋರಿಸು ಎಂದವರಿಲ್ಲ.

ಸಾಹೇಬರು ಬಂದರು. ಒಂದು ಟ್ಯಾಬು ಎತ್ತಿ ತಿರುಗಿಸಿ ನೋಡಿದರು.

"ಇದೇನ್ರೀ, ಬರೀ ಕತ್ಲೆ?"

"ಏನ್ ಹೇಳ್ಲಿ ಸಾರ್, ಈ ತರಬೇತಿಯವಕ್ಕೆ ಆನ್ ಮಾಡಕ್ಕೂ ಬರಲ್ಲ. ಕಲಿಯೋ ಮನ್ಸೇ ಇಲ್ಲ."

"ನಾಚ್ಕೆ ಆಗಲ್ವೇನಮ್ಮ? ಫೇಲ್ ಮಾಡಿ ಬಿಸಾಕ್ರಿ ಇವಳನ್ನ, ಬುದ್ಧಿ ಬರ್ಲಿ."

ಇಬ್ಬರೂ ಕಾಫಿಗೆಂದು ಆಫೀಸು ಕೋಣೆಗೆ ಹೋದರು.

ಅವಳಿಗೆ ಸಿಟ್ಟೂ ಬರಲಿಲ್ಲ. ಒದ್ದೆ ಬಟ್ಟೆಯ ಗಂಟನ್ನು ಇನ್ನು ಹೊರಲಾರೆ ಎಂದು ದಾರಿಯಲ್ಲೇ ಇಳಿಸಿದಂತೆ ಭುಜ ಸಡಿಲಾಯಿತು. ಪುಟ್ಟಿಯ ಟ್ಯಾಬು, ಚಾರ್ಜರು ಎತ್ತಿಕೊಂಡು ಹೊರಟಳು. ಮಕ್ಕಳೂ ಹಿಂದೆ ಬಿದ್ದವು.

ಇಡೀ ಶಾಲೆಯಲ್ಲಿ ಕರೆಂಟು ಬರುವ ಪ್ಲಗ್ಗು ಆಫೀಸಿನದೊಂದೇ. ಅದರಲ್ಲಿ ಸಾಹೇಬರ ಫೋನಿತ್ತು. ಕಿತ್ತು ಮೇಜಿನ ಮೇಲಿಟ್ಟಳು. ಟ್ಯಾಬು ಸಿಕ್ಕಿಸಿದಳು.

"ಏಯ್! ಅದು ಯಾರ ಫೋನು ಗೊತ್ತೇನೇ, ಲೌಡಿ?"

"ಗೊತ್ತು ಸಾರ್. ಮಕ್ಕಳ್ದು ಇನ್ನೂ ಚಾರ್ಜ್ ಆಗಿಲ್ಲ."

ಪ್ಲಗ್ಗಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಹೆಡ್‌ಮಾಸ್ತರು ರಟ್ಟೆ ಹಿಡಿದು ಎಳೆದರು. ರವಿಕೆಯ ತೋಳು ಹರಿಯಿತು, ಅವಳು ಏಳಲಿಲ್ಲ. ಮಕ್ಕಳು ಒಂದೊಂದಾಗಿ ಬಂದು ಅವಳ ಸುತ್ತ ಒತ್ತಿಕೊಂಡು ಕೂತವು. ಟ್ಯಾಬಿನ ಗಾಜು ಇನ್ನೂ ಕಪ್ಪಗೇ ಇತ್ತು.

"ಎಷ್ಟೊತ್ತು ಬೇಕು, ಮಿಸ್?"

"ಬೇಕಾಗ್ತದೆ. ಸರಿಯಾಗಿ ಕೂತ್ಕೊಳ್ಳಿ."