ಟಿಲ್ಬರಿಯ ಡ್ರಾಯರು

ಬ್ರೇಕ್ ಒತ್ತಿದಾಗಲೆಲ್ಲ ಟಣ್ಣೆನ್ನುತ್ತದೆ, ಕಾರಿನ ಕೀಲಿಗೆ ಜೋತುಬಿದ್ದ ಆ ಪುಟ್ಟ ಹಿತ್ತಾಳೆಯ ಕೀಲಿ, ಅಲ್ ಕೂಜ್ ಆಫೀಸಿನ ಡ್ರಾಯರಿನದು, ಟಣ್ — ಡಿಸ್ಕವರಿ ಗಾರ್ಡನ್ಸ್ ಬಡಾವಣೆ ದಾಟುವುದರೊಳಗೇ ಇಷ್ಟು ಟ್ರಾಫಿಕ್, ಹಿಂದಿನ ಸೀಟಿನಲ್ಲಿ ಮಗಳು ಜೆಸ್ಸಿಕಾ ಶಾಲೆಯ ಭಾಷಣ ಬಾಯಿಪಾಠ ಮಾಡುತ್ತಿದ್ದಾಳೆ, ನೂರೈವತ್ತು ವರ್ಷದ ಹಿಂದೆ ಸತ್ತ ಯಾವನೋ ಅಮೆರಿಕದ ಟಿಲ್ಬರಿ, ವಕೀಲ, ಪತ್ರಿಕೆಯ ಸಂಪಾದಕ, ಆಮೇಲೆ ಸೆನೆಟರ್, ಒಂದು ಬಾಯಿಗೆ ಮೂರು ನಾಲಿಗೆ, ಹಾಳಾದವನು, ಕಾರು ಓಡಿಸುತ್ತಿರುವ ಕ್ಯಾಮಿಲಸನಿಗೆ ಅವನ ಗಡ್ಡ ಕಂಡರೇ ಆಗದು, ಆ ಗಡ್ಡದ ಚಿತ್ರವನ್ನು ಕತ್ತರಿಸಿ ಚಾರ್ಟಿಗೆ ಅಂಟಿಸಿದ್ದು ಮಾತ್ರ ತಾನೇ. ಗುಲಾಮರನ್ನು ಬಿಡಬೇಕೆಂದು ವಾರವಾರವೂ ಬರೆದನಂತೆ, ಕೋರ್ಟಿನಲ್ಲಿ ಗಂಟಲು ಹರಿದುಕೊಂಡನಂತೆ, ಅವನ ಮನೆಯ ಅಡುಗೆಯ ಹೆಂಗಸು ಹಾನ್ನಾ ಗುಲಾಮಗಿರಿಯಿಂದ ತನ್ನ ಬಿಡುಗಡೆಯ ಕಾಗದವನ್ನು ಜೋಪಾನಕ್ಕೆಂದು ಅವನ ಕೈಗೇ ಕೊಟ್ಟಳು, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ, ಕೇಳಿದಾಗಲೆಲ್ಲ ನಾಳೆ ಅಂದ, ಹನ್ನೊಂದು ವರ್ಷ. ಡ್ಯಾಡಾ, ದಟ್ಸ್ ಸ್ಟೀಲಿಂಗ್, ಅಲ್ವಾ? ಕದ್ದದ್ದಲ್ಲ ಪುತಾ, ಆ ಸಾಲು ತೆಗೆ, ಟೀಚರ್ ಮಾರ್ಕು ಕಡಿತಾರೆ, ಗ್ರೇಟ್ ಮ್ಯಾನ್ ಅಂತ ಮುಗಿಸು. ನೋ ಡ್ಯಾಡಾ. ಧಿಮಾಕು ನೋಡು, ತಾಯಿಯದೇ ನಾಲಿಗೆ — ಟಣ್ — ಕಂಪನಿಯ ಕೂಲಿಯಾಳು ಚನಿಯನೂ ಪಾಸ್‌ಪೋರ್ಟನ್ನು ತಾನಾಗಿಯೇ ಕೊಟ್ಟದ್ದಲ್ಲವೇ, ಕಂಪನಿಯ ವೀಸಾ ಕೆಲಸ ನೋಡುವವನು ಕ್ಯಾಮಿಲಸ್, ವೀಸಾ ಮುದ್ರೆ ಹೊಡೆಸಿದ ಮೇಲೂ ಪಾಸ್‌ಪೋರ್ಟ್ ನಿಮ್ಮಲ್ಲೇ ಇರಲಿ ಸಾರ್, ಕ್ಯಾಂಪಿನಲ್ಲಿ ಇಲಿ ಕಡಿತದೆ, ನೀವು ನಮ್ಮ ಊರಿನವರಲ್ವಾ ಅಂದವನು ಅವನೇ, ನಲವತ್ತು ಜನರೂ ಹಾಗೇ ಅಂದರು. ಮೊನ್ನೆ ಚನಿಯ ಬಂದು ಆಫೀಸಿನ ಬಾಗಿಲಲ್ಲಿ ನಿಂತ, ಅಮ್ಮ ಹೋದರು ಸಾರ್, ಐಸಿನಲ್ಲಿ ಇಟ್ಟಿದ್ದಾರೆ, ದೊಡ್ಡ ಮಗನೇ ಕೊಳ್ಳಿ ಇಡಬೇಕಂತೆ, ಪಾಸ್‌ಪೋರ್ಟ್ ಒಂದು ಕೊಡಿ ಮಾರಾಯ್ರೆ. ಮ್ಯಾನೇಜರ್ ಮೊದಲೇ ಗದರಿದ್ದ, ಬದಲಿ ಆಳು ಬರುವವರೆಗೆ ಪಾಸ್‌ಪೋರ್ಟ್ ಮಾಫಿ, ಇಲ್ಲವೇ ಇಲ್ಲ, ಕೊಟ್ಟರೆ ನಿನ್ನ ಕೆಲಸ ಖಲಾಸ್ — ಆಗ ಇವಳ ಶಾಲೆ? ಡ್ರಾಯರಿನ ಕೀಲಿ ಕಿಸೆಯಲ್ಲೇ ಇತ್ತು, ತೊಡೆಗೆ ಒತ್ತುತ್ತಿತ್ತು, ಆದರೂ ನಾಳೆ ಅಂದ. ನಿನ್ನೆಯೂ ನಾಳೆ ಅಂದ. ಹೆಣ ಕಾಯುತ್ತದೆಯೇ, ಥೂ, ಈ ದರಿದ್ರ ಟಿಲ್ಬರಿ, ಮನೆಗೆ ವಕ್ಕರಿಸಿದ ಶನಿ, ಇಲ್ಲ, ಇವತ್ತು ಕೊಟ್ಟೇಬಿಡುವುದು, ಮಧ್ಯಾಹ್ನ ಮಂಗಳೂರಿನ ವಿಮಾನ ಉಂಟು, ಇವಳನ್ನು ಗೇಟಿನಲ್ಲಿ ಇಳಿಸಿ ನೇರ ಅಲ್ ಕೂಜ್, ಹೋದರೆ ಹೋಗಲಿ ಕೆಲಸ —

ಫೋನು. ಚನಿಯ. ಕಾರಿನ ಸ್ಪೀಕರಿನಲ್ಲಿ ಅವನ ದನಿ ಮೆತ್ತಗೆ, ಸಾರ್, ಇನ್ನು ಬೇಡ, ಊರಿನವರು ಕಾಯಲಿಲ್ಲ, ನನ್ನ ತಮ್ಮನೇ ಕೊಳ್ಳಿ ಇಟ್ಟ, ಪಾಸ್‌ಪೋರ್ಟ್ ನಿಮ್ಮಲ್ಲೇ ಇರಲಿ, ಜೋಪಾನ. ಹೂ ವಾಸ್ ದಟ್, ಡ್ಯಾಡಾ? ಶಾಲೆಯ ಗೇಟು, ಹಿಂದಿನವರ ಹಾರ್ನು, ಕಾಲು ಬ್ರೇಕಿನ ಮೇಲೆಯೇ ಇದೆ, ಕಾರು ನಿಂತಿದೆ, ಕೀಲಿ ಮಾತ್ರ ತೂಗುತ್ತಿದೆ, ಪುಟ್ಟದು, ಹಿತ್ತಾಳೆಯದು, ಟಣ್, ತೂಗುತ್ತಿದೆ, ಟಣ್.